ತಕ್ಕಡಿ ತಾತನ ಓಣಿ

ಕೂತ ಕೊಂಬೆಯನ್ನೇ ಕಡಿದವನ ಕಥೆಯನ್ನು ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿ ನಕ್ಕಿದ್ದೇವೆ. ದೊಡ್ಡವರಾದ ಮೇಲೆ ಅದನ್ನೇ ಬೇರೆ ಬೇರೆ ವಿಧದಲ್ಲಿ ಮಾಡಿಯೂ ಮುಗಿಸಿದ್ದೇವೆ. ಆದರೆ ಕೊಂಬೆ ಕಡಿದವನ ಕೈಯಲ್ಲಿ ಕೊಡಲಿಯಾದರೂ ಇತ್ತು. ನೋಡಿದವರು ದೂರ ಸರಿಯಬಹುದಿತ್ತು. ಗೆರೆಯಪ್ಪನ ಕೈಯಲ್ಲಿದ್ದದ್ದು ಪೆನ್ಸಿಲ್ಲು. ಪೆನ್ಸಿಲ್ಲು ಹಿಡಿದವನನ್ನು ಕಂಡು ಯಾರೂ ದೂರ ಸರಿಯುವುದಿಲ್ಲ. ಮನುಷ್ಯಕುಲ ಇನ್ನೂ ಕಲಿಯದ ಪಾಠಗಳಲ್ಲಿ ಇದೂ ಒಂದು.

ಗೆರೆಯಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ನೀರು ಸರಬರಾಜು ಕಚೇರಿಯಲ್ಲಿ ಕೂತು ಜೀವಮಾನವೆಲ್ಲ ಕೊಳಾಯಿಗಳ ನಕ್ಷೆ ಬರೆದು ನಿವೃತ್ತನಾದವನಿಗೆ ಊರು ಕೊಟ್ಟ ಬಿರುದು. ಬ್ರೆಡ್ಡಿಗೆ ಬೆಣ್ಣೆ ಸವರುವಾಗಲೂ ಅವನು ಮೊದಲು ಚಾಕುವಿನಲ್ಲಿ ನಡುಗೆರೆ ಎಳೆದು, ಎರಡೂ ಬದಿ ಸಮವಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಸವರುತ್ತಿದ್ದ. ಅಷ್ಟರಲ್ಲಿ ಚಹಾ ಆರುತ್ತಿತ್ತು, ಹೆಂಡತಿಗೆ ಕಾವೇರುತ್ತಿತ್ತು.

ಅವನಿಗೊಂದು ಕೊರಗಿತ್ತು. ಅವನ ಗೆರೆಗಳೆಲ್ಲ ನೆಲದ ಕೆಳಗಿನವು. ಯಾರೂ ಬೀದಿಯಲ್ಲಿ ನಿಂತು ‘ಆಹಾ, ಎಂಥ ಕೊಳಾಯಿ’ ಎಂದವರಿಲ್ಲ. ಕೊಳಾಯಿಯ ನೆನಪಾಗುವುದು ಅದು ಒಡೆದಾಗ. ಆಗ ಜನ ಆಡುವ ಮಾತು ನಕ್ಷೆ ಬರೆದವನ ಕಿವಿಗೆ ಬೀಳದಿರುವುದೇ ಮೇಲು. ಸಾಯುವುದರೊಳಗೆ ನೆಲದ ಮೇಲಿನದೊಂದು ನಕ್ಷೆ ಬರೆಯಬೇಕು, ಅದನ್ನು ಜನ ಕೈಯಲ್ಲಿ ಹಿಡಿದು ಓಡಾಡಬೇಕು ಎಂಬುದು ಅವನ ಆಸೆ. ಆಸೆ ದೊಡ್ಡದಲ್ಲ. ಆದರೆ ಸಣ್ಣ ಆಸೆಗಳೇ ಮನೆ ಮುಳುಗಿಸುವುದು. ದೊಡ್ಡವು ಹೇಗೂ ಕೈಗೂಡುವುದಿಲ್ಲ.

ಅವಕಾಶ ಸಿಕ್ಕಿದ್ದು ಸ್ಟೇಷನ್ನಿನ ಎದುರಿನ ಬಾಡಿಗೆ ಸೈಕಲ್ ಅಂಗಡಿಯಲ್ಲಿ. ಊರಿನ ಗಡಿಯಾರದ ಗೋಪುರ, ಹಳೇ ಸೇತುವೆ, ನದಿ ದಂಡೆ ನೋಡಲು ಬಂದ ಪ್ರವಾಸಿಗಳು ಅಲ್ಲಿಂದ ಸೈಕಲ್ಲು ತೆಗೆದುಕೊಂಡು ಹೊರಡುತ್ತಿದ್ದರು. ಹೊರಟವರಲ್ಲಿ ಅರ್ಧ ಜನ ದಾರಿ ತಪ್ಪುತ್ತಿದ್ದರು. ಅಂಗಡಿಯವನು ಬೀಗ ಹಾಕಿ ಹುಡುಕಲು ಹೋಗಬೇಕಿತ್ತು. ಗೆರೆಯಪ್ಪ ತನ್ನ ಸೈಕಲ್ಲಿಗೆ ಗಾಳಿ ಹೊಡೆಸಲು ಹೋದ ದಿನ ಅವನು ಹೇಳಿದ ಪ್ರಕಾರ, ಗಡಿಯಾರದ ಗೋಪುರಕ್ಕೆಂದು ಹೊರಟ ಗಂಡಹೆಂಡತಿ ಹೆರಿಗೆ ಆಸ್ಪತ್ರೆಯ ಸಾಲಿನಲ್ಲಿ ನಿಂತು ಟಿಕೆಟ್ಟು ಎಷ್ಟು ಎಂದು ಕೇಳುತ್ತಿದ್ದರಂತೆ.

“ಒಂದು ಮ್ಯಾಪು ಅಂತ ಇದ್ದಿದ್ರೆ ಸಾರ್,” ಎಂದ ಅಂಗಡಿಯವನು ಪಂಪು ಒತ್ತುತ್ತಾ. ಗಾಳಿ ಸೈಕಲ್ಲಿಗೆ ಹೋಯಿತೋ ಗೆರೆಯಪ್ಪನ ಎದೆಗೆ ಹೋಯಿತೋ ಹೇಳುವುದು ಕಷ್ಟ.

ನಕ್ಷೆ ಚೆನ್ನಾಗಿಯೇ ಬಂತು. ಅವನು ಊರೆಲ್ಲ ಪೆಡಲು ತುಳಿದು, ಏರಿಗೆ ಒಂದು ಅಡ್ಡಗೀರು, ಇಳಿದು ತಳ್ಳಬೇಕಾದ ಏರಿಗೆ ಎರಡು, ನಾಯಿ ಇರುವ ತಿರುವಿಗೆ ಕಪ್ಪು ಚುಕ್ಕೆ, ನಾಯಿ ಕಚ್ಚುವ ತಿರುವಿಗೆ ಕೆಂಪು ಚುಕ್ಕೆ ಹಾಕಿದ. ಕೆಂಪು ಚುಕ್ಕೆಗಳನ್ನು ಅವನು ಯಾರನ್ನೂ ಕೇಳಿ ಹಾಕಿದ್ದಲ್ಲ, ಸ್ವಂತ ಸಂಶೋಧನೆ.

ಕಷ್ಟ ಬಂದದ್ದು ಅಚ್ಚಿನ ಖರ್ಚಿಗೆ. ಹೋಟೆಲಿನವನು, ಊರಿನ ಬೇರೆ ಹೋಟೆಲುಗಳನ್ನೆಲ್ಲ ಅಳಿಸಿದರೆ ಕೊಡುತ್ತೇನೆಂದ. ಬ್ಯಾಂಕಿನವರು ಬಹಳ ಗೌರವದಿಂದ ಕೂರಿಸಿ, ಎಲ್ಲವನ್ನೂ ಕೇಳಿ, ಕಳೆದ ವರ್ಷದ ಒಂದು ಕ್ಯಾಲೆಂಡರು ಕೊಟ್ಟು ಕಳಿಸಿದರು. ನಗರಸಭೆಯಲ್ಲಿ ಒಬ್ಬರು ಅಚ್ಚಾದ ಮೇಲೆ ನಮಗೊಂದು ಪ್ರತಿ ಕೊಡಿ ಎಂದು ಕೇಳಿ, ಪ್ರವಾಸಿಗಳಿಗೆ ಈ ಊರಿನಲ್ಲಿ ಓಟಿಲ್ಲ ಎಂಬ ಸತ್ಯವನ್ನು ಬಿಡಿಸಿ ಹೇಳಿದರು. ಕೊನೆಗೆ ಉಳಿದವನು ಹೆಂಡತಿಯ ತಮ್ಮ.

ಈ ಭಾವಮೈದ ಹಾಸಿಗೆ ವ್ಯಾಪಾರಿ. ವಯಸ್ಸಿನಲ್ಲಿ ಚಿಕ್ಕವನು, ಆದ್ದರಿಂದ ಗೆರೆಯಪ್ಪ ಅವನನ್ನು ಮೊದಲಿನಿಂದಲೂ ‘ನೀನು’ ಎನ್ನುತ್ತಿದ್ದ. ಆ ದಿನ ಅಂಗಡಿಯ ಮೆತ್ತನೆಯ ಹಾಸಿಗೆಯೊಂದರ ಮೇಲೆ ಕೂತು, ಸೊಂಟದವರೆಗೆ ಹೂತುಹೋಗಿ, ನಕ್ಷೆ ಬಿಡಿಸಿ ಮಾತು ಶುರುಮಾಡಿದವನು ‘ನೀನು’ ಎಂದೇ ಶುರುಮಾಡಿದ. ಖರ್ಚಿನ ವಿಷಯ ಬರುವ ಹೊತ್ತಿಗೆ ‘ನೀವು’ ಆಗಿತ್ತು. ಮುಗಿಸುವಾಗ ‘ತಾವು’ ಆಗಿಹೋಗಿತ್ತು. ಭಾವಮೈದ ಇದನ್ನು ಗಮನಿಸಿದನೋ ಇಲ್ಲವೋ, ಹಣ ಕೊಡುತ್ತೇನೆಂದ. ನಕ್ಷೆಯ ಹಿಂಬದಿ ಪೂರ್ತಿ ತನ್ನ ಹಾಸಿಗೆಯ ಜಾಹೀರಾತು ಬರಬೇಕು. ಜೊತೆಗೆ ಇನ್ನೊಂದು ಸಣ್ಣ ಮಾತು.

“ನಮ್ಮಪ್ಪನ ಹೆಸರಲ್ಲಿ ಈ ಊರಲ್ಲಿ ಒಂದು ಬೀದಿ ಇಲ್ಲ ಭಾವ. ಯಾರ್ಯಾರದೋ ಇದೆ. ನಕ್ಷೆ ಬರೆಯೋರು ನೀವೇ ತಾನೇ? ಒಂದು ಬೀದಿ ಹಾಕ್ಬಿಡಿ. ದೊಡ್ಡದೇನೂ ಬೇಡ.”

ಹಾಸಿಗೆಯ ಜೊತೆ ಒಂದು ದಿಂಬು ಹಾಕಿಬಿಡಿ ಎನ್ನುವಷ್ಟು ಸರಳವಾಗಿ ಹೇಳಿದ.

ಮಾವನನ್ನು ಊರು ತಕ್ಕಡಿ ತಾತ ಎಂದು ಕರೆಯುತ್ತಿತ್ತು. ತಕ್ಕಡಿ, ತೂಕದ ಕಲ್ಲು ಮಾರಿಕೊಂಡು, ರಿಪೇರಿ ಮಾಡಿಕೊಂಡು ಬದುಕಿದ ಮನುಷ್ಯ. ಜೀವನದಲ್ಲಿ ಒಂದು ಸುಳ್ಳು ಹೇಳಿದವನಲ್ಲ. ಮದುವೆಯ ಮಾತುಕತೆಯಲ್ಲೇ ಅಳಿಯನಾಗುವವನನ್ನು ಪಕ್ಕಕ್ಕೆ ಕರೆದು, “ಹುಡುಗಿಗೆ ಸಿಟ್ಟು ಜಾಸ್ತಿ, ಮೊದಲೇ ಹೇಳಿದ್ದೀನಿ, ಆಮೇಲೆ ತೂಕದಲ್ಲಿ ಮೋಸ ಅನ್ನಬೇಡಿ” ಎಂದಿದ್ದ. ಗೆರೆಯಪ್ಪ ಆಮೇಲೆ ಎಂದೂ ಅನ್ನಲಿಲ್ಲ. ಅನ್ನುವಂತಿರಲಿಲ್ಲ.

ಊರಿನ ಬೀದಿಗಳಿಗೆಲ್ಲ ಹೆಸರಿತ್ತು. ಇದ್ದ ಹೆಸರು ತೆಗೆಯುವ ಅಧಿಕಾರ ಗೆರೆಯಪ್ಪನಿಗಿರಲಿಲ್ಲ. ಹೆಸರಿಲ್ಲದ ಬೀದಿ ಬೇಕಿತ್ತು. ಆಗ ಅವನಿಗೆ ನೆನಪಾದದ್ದು ಕಳ್ಳಗೆರೆ.

ನಕ್ಷೆ ಬರೆಯುವವರಲ್ಲಿ ಹೀಗೊಂದು ಪದ್ಧತಿ. ಗೆರೆಯಪ್ಪನಿಗೆ ಅದನ್ನು ಕಲಿಸಿದ್ದು ಕಚೇರಿಯ ಹಳೆಯ ಹೆಡ್ ಡ್ರಾಫ್ಟ್ಸ್‌ಮನ್ನು. ನಕ್ಷೆ ಎಂದರೆ ಮನೆಯಿದ್ದ ಹಾಗೆ, ಬೀಗ ಹಾಕದೆ ಬಿಡಬಾರದು. ಬೀಗ ಎಂದರೆ ಒಂದು ಸುಳ್ಳು. ಇಲ್ಲದ್ದೊಂದನ್ನು ಇದೆ ಎಂದು ಬರೆದಿಡು. ಕದ್ದು ನಕಲು ಮಾಡುವವನು ಸುಳ್ಳನ್ನೂ ಕದಿಯುತ್ತಾನೆ, ಆಗ ಕುತ್ತಿಗೆಪಟ್ಟಿ ಹಿಡಿ. ಇದು ಮೊದಲನೆಯ ಪಾಠ. ಎರಡನೆಯದು, ಸುಳ್ಳನ್ನು ಯಾವಾಗಲೂ ನಿನ್ನ ಸ್ವಂತ ಜಾಗದಲ್ಲೇ ಇಡು. ಇನ್ನೊಬ್ಬರ ಜಾಗದಲ್ಲಿಟ್ಟರೆ ಕೋರ್ಟಿಗೆ ಹೋಗುತ್ತಾರೆ.

ಗೆರೆಯಪ್ಪ ಗುರುವಿನ ಮಾತು ಮೀರಿದವನಲ್ಲ. ಊರಿನ ಕೊಳಾಯಿಗಳ ದೊಡ್ಡ ನಕ್ಷೆ ಬರೆದಾಗಲೂ, ತಾನು ಆಗಷ್ಟೇ ಕೊಂಡಿದ್ದ ಖಾಲಿ ಸೈಟಿನ ಮೇಲೆ ಪುಟ್ಟದೊಂದು ಕಳ್ಳಗುರುತು ಹಾಕಿದ್ದ. ಕೊಳಾಯಿ ನಕ್ಷೆಯನ್ನು ಕದಿಯುವಷ್ಟು ಗತಿಗೆಟ್ಟ ಕಳ್ಳ ಊರಿನಲ್ಲಿರಲಿಲ್ಲ. ಗುರುತು ಅಲ್ಲೇ ಉಳಿಯಿತು, ಹಾಕಿದವನು ಮರೆತ.

ಆ ಸೈಟಿನ ಮೇಲೆ ಈಗ ಅವನ ಮನೆಯಿತ್ತು. ದುಡಿದದ್ದೆಲ್ಲವನ್ನೂ ಇಟ್ಟಿಗೆ ಮಾಡಿ ಕಟ್ಟಿದ ಮನೆ; ಅದು ಬಿಟ್ಟರೆ ಅವನಿಗಿದ್ದ ಆಸ್ತಿ ಒಂದು ಸ್ಕೇಲು, ಒಂದು ಸೈಕಲ್ಲು. ಮುಂಬಾಗಿಲು ಹಿಟ್ಟಿನ ಗಿರಣಿಯ ರಸ್ತೆಗೆ, ಹಿಂಬಾಗಿಲು ನದಿ ದಂಡೆಯ ರಸ್ತೆಗೆ. ನಡುವೆ ಹಾಲು, ನಡೆ, ಅಡುಗೆಮನೆ, ಹಿತ್ತಿಲು, ಎಲ್ಲ ಒಂದೇ ನೇರಕ್ಕೆ. ಗೆರೆಯ ಮನುಷ್ಯ ಕಟ್ಟಿಸಿದ ಮನೆ ಇನ್ನು ಹೇಗಿರುತ್ತದೆ? ಅವನು ಮುಂಬಾಗಿಲಿನಿಂದ ಹಿಂಬಾಗಿಲಿಗೆ ಕೂದಲಿನಷ್ಟು ತೆಳ್ಳಗೆ ಒಂದು ಗೆರೆ ಎಳೆದ. ಪಕ್ಕದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ‘ತಕ್ಕಡಿ ತಾತ ಓಣಿ’ ಎಂದು ಬರೆದ. ಒಂದೇ ಕಲ್ಲಿಗೆ ಎರಡು ಹಕ್ಕಿ ಎಂದು ಹಿಗ್ಗಿದ. ಕಲ್ಲು ಎಸೆದ ದಿಕ್ಕಿನಲ್ಲಿ ತನ್ನದೇ ಕಿಟಕಿಯಿದೆ ಎಂಬುದು ಹೊಳೆಯಲಿಲ್ಲ.

ಹೀಗೆ, ಸುಳ್ಳೇ ಹೇಳದ ಮನುಷ್ಯನ ಹೆಸರು ನಕ್ಷೆಯಲ್ಲಿದ್ದ ಏಕೈಕ ಸುಳ್ಳಿನ ಮೇಲೆ ಕೂತಿತು.

ನಕ್ಷೆ ಅಚ್ಚಾಯಿತು. ನಗರಸಭೆಗೂ ಒಂದು ಪ್ರತಿ ಹೋಯಿತು. ಭಾವಮೈದ ಭೂತಗನ್ನಡಿ ಹಿಡಿದು ಅಪ್ಪನ ಹೆಸರು ಹುಡುಕಿ, ಕಣ್ಣೊರೆಸಿಕೊಂಡು, ಓಣಿಯ ಬಾಯಲ್ಲಿ ನಿಲ್ಲಿಸಲು ಒಂದು ಕಲ್ಲು ಕೆತ್ತಿಸುತ್ತೇನೆಂದ. ಹೆಂಡತಿಯೂ ಕರಗಿದಳು. ಆ ವಾರವೆಲ್ಲ ಗೆರೆಯಪ್ಪನ ಚಹಾಕ್ಕೆ ಹೇಳದೆಯೇ ಸಕ್ಕರೆ ಬಿತ್ತು. ಅಪ್ಪನ ಓಣಿ ಎಲ್ಲಿದೆ ಎಂದು ಅವಳು ಒಮ್ಮೆ ಕೇಳಿದಳು. ಮನೆಗೆ ಬಹಳ ಹತ್ತಿರ ಎಂದ. ಇದಕ್ಕಿಂತ ಸತ್ಯವಾದ ಉತ್ತರ ಕೊಡುವುದು ಸಾಧ್ಯವಿರಲಿಲ್ಲ.

ಮೊದಲ ಸೈಕಲ್ಲು ಬಂದಾಗ ಅವಳು ಹಾಲಿನಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಗಾಳಿಗೆಂದು ಎರಡೂ ಬಾಗಿಲು ತೆರೆದಿತ್ತು. ಟ್ರಿಣ್ ಎಂದಿತು. ತಲೆಯೆತ್ತಿ ನೋಡುವಷ್ಟರಲ್ಲಿ ಹೊಸ್ತಿಲ ಮೇಲೆ ಒಂದು ಚಕ್ರ, ಚಕ್ರದ ಮೇಲೆ ಆರಡಿಯ ಒಬ್ಬ ಮನುಷ್ಯ, ಮನುಷ್ಯನ ಕೈಯಲ್ಲಿ ಅವಳ ಗಂಡನ ನಕ್ಷೆ. ಅವನು ನಕ್ಷೆ ನೋಡಿದ, ಅವಳನ್ನು ನೋಡಿದ, ತಲೆ ಬಾಗಿಸಿ ಏನೋ ಸೌಜನ್ಯದ ಮಾತಾಡಿದ, ಹಾಲು ದಾಟಿ, ನಡೆ ದಾಟಿ, ಅಡುಗೆಮನೆಯಲ್ಲಿ ಒಲೆಯ ಪಕ್ಕ ನಾಜೂಕಾಗಿ ಹ್ಯಾಂಡಲ್ಲು ತಿರುಗಿಸಿ, ಹಿಂಬಾಗಿಲಿನಿಂದ ನದಿಯ ಕಡೆ ಹೊರಟುಹೋದ. ಹಿತ್ತಿಲಲ್ಲಿ ಒಣಹಾಕಿದ್ದ ಗೆರೆಯಪ್ಪನ ಟವೆಲ್ಲು ಅವನ ಭುಜಕ್ಕೆ ಸಿಕ್ಕಿ ನದಿ ನೋಡಲು ಜೊತೆಗೆ ಹೋಯಿತು.

ಗರ ಬಡಿದವಳಂತಾದ ಹೆಂಡತಿ ಆ ಹೊತ್ತಿನಲ್ಲಿ ಮಾಡಿದ್ದು ಒಂದೇ ಕೆಲಸ. ಕಾಲು ಮೇಲೆತ್ತಿಕೊಂಡು ದಾರಿ ಬಿಟ್ಟಳು. ಕಾನೂನಿನ ಭಾಷೆಯಲ್ಲಿ ಇದಕ್ಕೆ ದಾರಿಯ ಹಕ್ಕನ್ನು ಒಪ್ಪಿಕೊಂಡದ್ದು ಎನ್ನುತ್ತಾರಂತೆ. ಅದು ಆಮೇಲೆ ತಿಳಿಯಿತು.

ಮುಖಕ್ಕೆ ಸೋಪು ಹಚ್ಚಿಕೊಂಡು ಗಡ್ಡ ಹೆರೆಯುತ್ತಿದ್ದ ಗೆರೆಯಪ್ಪ ಓಡಿಬಂದಾಗ ಅವಳು ಇನ್ನೂ ಕಾಲು ಇಳಿಸಿರಲಿಲ್ಲ.

“ರೀ, ಈಗ ಒಬ್ಬ ನಮ್ಮನೆಯೊಳಗೆ ಸೈಕಲ್ಲಲ್ಲಿ ಹೋದ.”

ಪಾಪ ದಾರಿ ತಪ್ಪಿರಬೇಕು ಎಂದ ಗಂಡ. ಸೋಪಿನ ಕೆಳಗೆ ಅವನ ಮುಖ ಯಾವ ಬಣ್ಣಕ್ಕೆ ತಿರುಗಿತ್ತೋ ಅವಳಿಗೆ ಕಾಣಲಿಲ್ಲ.

ಮಧ್ಯಾಹ್ನದೊಳಗೆ ಒಂದು ಇಡೀ ಸಂಸಾರ ಸಾಲಾಗಿ ಹಾದುಹೋಯಿತು. ಸಂಜೆ ಹೆಂಡತಿ ಮುಂಬಾಗಿಲು ಹಾಕಿದಳು. ಹೊರಗೆ ಗಂಟೆಗಳ ಸದ್ದು ಎದ್ದಿತು. ಎದುರುಮನೆಯಲ್ಲಿ ಒಬ್ಬರು ನಿವೃತ್ತ ಹೆಡ್‌ಮಿಸ್ಸು ಇದ್ದರು. ಶಾಲೆ ಬಿಟ್ಟಮೇಲೆ ಸಾಲಾಗಿ ನಿಲ್ಲಿಸಲು ಯಾರೂ ಸಿಗದೆ ಸೊರಗಿದ್ದ ಜೀವ. ಅವರು ರಸ್ತೆ ದಾಟಿ ಬಂದು ಬಾಗಿಲು ಬಡಿದು, ಸೈಕಲ್ಲಿನವರ ನಕ್ಷೆ ತೋರಿಸಿ, “ರಸ್ತೆಗೆ ಯಾರಾದ್ರೂ ಬಾಗಿಲು ಹಾಕ್ತಾರೇನಮ್ಮ? ಹೊರಗಿನವರು ನಮ್ಮೂರಿನ ಬಗ್ಗೆ ಏನಂದ್ಕೋಬೇಕು?” ಎಂದರು. ನಕ್ಷೆಯಲ್ಲಿ ಅಪ್ಪನ ಹೆಸರು ಕಂಡ ಹೆಂಡತಿ ಬೈಯುತ್ತಲೇ ಕದ ತೆರೆದಳು. ಮಾರನೆಯ ದಿನ ಹೆಡ್‌ಮಿಸ್ಸು ಕುರ್ಚಿಯನ್ನೇ ತಂದು ಗೆರೆಯಪ್ಪನ ಜಗಲಿಯಲ್ಲಿ ಹಾಕಿಕೊಂಡರು. ಒಬ್ಬೊಬ್ಬರಾಗಿ, ಎಡಕ್ಕೆ, ಫ್ರಿಜ್ಜಿನ ಹತ್ತಿರ ನಿಧಾನ ಎಂದು ಕಳಿಸತೊಡಗಿದರು. ಅವರ ಮಂಡಿನೋವು ವಾಸಿಯಾಯಿತು ಎಂದು ಓಣಿಯಲ್ಲಿ, ಅಂದರೆ ಹಾಲಿನಲ್ಲಿ, ಮಾತಾಯಿತು.

ಗೆರೆಯಪ್ಪ ಉಳಿದ ನಕ್ಷೆಗಳನ್ನಾದರೂ ವಾಪಸು ತರೋಣವೆಂದು ಸೈಕಲ್ ಅಂಗಡಿಗೆ ಓಡಿದ. ಅಂಗಡಿಯವನು ಎದ್ದು ನಿಂತು ಕೈಮುಗಿದ. ದಾರಿ ತಪ್ಪುವವರೇ ಇಲ್ಲವಂತೆ.

“ಅದರಲ್ಲೂ ಆ ತಕ್ಕಡಿ ತಾತ ಓಣಿ ಸಾರ್. ಬಂದೋರೆಲ್ಲ ಅದನ್ನೇ ಹೊಗಳ್ತಾರೆ. ಏರು ಹತ್ತೋದು ತಪ್ಪತ್ತಂತೆ, ತಂಪಾಗಿದೆಯಂತೆ, ಮೇಲೆ ಸೂರು ಬೇರೆ ಇದೆಯಂತೆ. ಮಧ್ಯದಲ್ಲಿ ಒಬ್ಬ ಹೆಂಗಸು ಬೈತಾಳಂತೆ, ಅದೂ ಚೆನ್ನಾಗಿದೆಯಂತೆ.”

ಗೆರೆಯಪ್ಪ ಬಾಯಿ ತೆರೆಯುವಷ್ಟರಲ್ಲಿ ಅಂಗಡಿಯವನು ಇನ್ನೊಂದು ನಕ್ಷೆ ತೆಗೆದು ಮುಂದಿಟ್ಟ. ನಗರಸಭೆಯದು. ದಪ್ಪ ಕಾಗದ, ಮೇಲೆ ಅಧ್ಯಕ್ಷರ ಫೋಟೋ, ಮೂಲೆಯಲ್ಲಿ ಮುದ್ರೆ. ಏರಿಗೆ ಅಡ್ಡಗೀರು ಅವೇ. ನಾಯಿಯ ಚುಕ್ಕೆ ಅವೇ. ಗೆರೆಯಪ್ಪನ ಬೆರಳು ಗಿರಣಿಯ ರಸ್ತೆಯುದ್ದಕ್ಕೂ ಹರಿದು ನಿಂತಿತು. ಕೂದಲಿನಂಥ ಗೆರೆ. ಇರುವೆ ಸಾಲಿನಂಥ ಅಕ್ಷರ. ತಕ್ಕಡಿ ತಾತ ಓಣಿ.

ಕಳ್ಳಗೆರೆಗೆ ಕಳ್ಳ ಬಿದ್ದಿದ್ದ. ಹಾಲಿನಲ್ಲಿ ಓಡಾಡುವ ಸೈಕಲ್ಲುಗಳೆಲ್ಲ ಗೆರೆಯಪ್ಪನಿಗೆ ಆ ಕ್ಷಣ ಮರೆತುಹೋದವು. ಗುರು ಬದುಕಿದ್ದರೆ ಬೆನ್ನು ತಟ್ಟುತ್ತಿದ್ದ. ಅವನು ಎರಡೂ ನಕ್ಷೆಗಳನ್ನು ಕಂಕುಳಲ್ಲಿಟ್ಟುಕೊಂಡು ನೇರವಾಗಿ ನಗರಸಭೆಗೆ ನಡೆದ.

ನಡೆದದ್ದೇನೋ ಸರಿ, ಹೊಕ್ಕ ಕೋಣೆ ಸರಿಯಿರಲಿಲ್ಲ. ಉತ್ಸಾಹದಲ್ಲಿ ಮೊದಲು ಕಂಡ ಬಾಗಿಲು ತಳ್ಳಿದ. ಅದು ಒತ್ತುವರಿ ತೆರವು ವಿಭಾಗ. ಅಲ್ಲಿ ಕೂತಿದ್ದ ಸಾಹೇಬರು ಊರಿನ ಜನ ಸರ್ಕಾರಿ ಜಾಗ ನುಂಗುವುದನ್ನು ನೋಡಿ ನೋಡಿ ಮನುಷ್ಯಜಾತಿಯ ಮೇಲೆ ನಂಬಿಕೆ ಕಳೆದುಕೊಂಡವರು. ಗೆರೆಯಪ್ಪ ನಗರಸಭೆಯ ನಕ್ಷೆಯನ್ನು ಅವರ ಮೇಜಿನ ಮೇಲೆ ಹರಡಿ, ಬೆರಳಿಟ್ಟು, ವಕೀಲನ ಗತ್ತಿನಲ್ಲಿ ಕೇಳಿದ.

“ಈ ಓಣಿ ನಿಮ್ಮ ನಕ್ಷೆಯಲ್ಲಿದೆ. ನೆಲದ ಮೇಲೆ ಎಲ್ಲಿದೆ ತೋರಿಸಿ ನೋಡೋಣ.”

ಸಾಹೇಬರು ನಕ್ಷೆ ನೋಡಿದರು. ಇವನನ್ನು ನೋಡಿದರು. ನಿಧಾನವಾಗಿ ಕನ್ನಡಕ ತೆಗೆದರು.

“ನೆಲದ ಮೇಲೆ ಇಲ್ವಾ?”

“ಇಲ್ಲವೇ ಇಲ್ಲ. ಅಲ್ಲಿರೋದು ಒಂದು ಮನೆ.”

ಫುಟ್‌ಪಾತು ನುಂಗಿದವರನ್ನು ಸಾಹೇಬರು ನೋಡಿದ್ದರು. ಚರಂಡಿ ನುಂಗಿದವರನ್ನು ನೋಡಿದ್ದರು. ಇಡೀ ಓಣಿಯನ್ನು ಎರಡೂ ಬಾಯಿಸಮೇತ ನುಂಗಿ ಮೇಲೆ ಮನೆ ಕಟ್ಟಿಕೊಂಡವನ ಸುದ್ದಿ ಇದೇ ಮೊದಲು. ಅವರು ಎದ್ದು ಬಂದು ಗೆರೆಯಪ್ಪನ ಎರಡೂ ಕೈ ಹಿಡಿದುಕೊಂಡರು. ನಿಮ್ಮಂಥ ನಾಗರಿಕರಿಂದಲೇ ಊರು ಉಳಿದಿದೆ ಎಂದರು. ಗೆರೆಯಪ್ಪ ಹಾಗಲ್ಲ, ನಾನು ಬಂದದ್ದು ನಕಲಿನ ವಿಷಯಕ್ಕೆ, ಆ ಮನೆ ಇದೆಯಲ್ಲ ಅದು, ಎಂದು ಶುರುಮಾಡಿದ್ದನ್ನು ಅವರು ಭಯ ಎಂದುಕೊಂಡರು. ದೂರು ಕೊಟ್ಟವರ ಹೆಸರು ಗುಟ್ಟಾಗಿರುತ್ತದೆ ಎಂದು ಧೈರ್ಯ ಹೇಳಿದರು.

“ಆ ಮನೆಯೋನು ಯಾರೇ ಆಗಿರ್ಲಿ, ಎಷ್ಟೇ ದೊಡ್ಡ ಮನುಷ್ಯ ಆಗಿರ್ಲಿ, ಇಟ್ಟಿಗೆ ಇಟ್ಟಿಗೆ ಬಿಚ್ಚಿಸ್ತೀನಿ. ನೀವು ನಿಶ್ಚಿಂತೆಯಿಂದ ಮನೆಗೆ ಹೋಗಿ.”

ಗೆರೆಯಪ್ಪ ನಕ್ಷೆಗಳನ್ನು ಮಡಚಿಕೊಂಡ. ಸರ್ಕಾರಿ ನೌಕರಿಯ ಅಭ್ಯಾಸ. ಮೇಲಿನವರು ಮಾತು ಮುಗಿಸಿದಾಗ ನಾಲಿಗೆ ತಾನಾಗಿ ಹೇಳುವುದನ್ನೇ ಹೇಳಿತು. “ಥ್ಯಾಂಕ್ಸ್ ಸಾರ್,” ಎಂದು ಹೊರಗೆ ಬಂದ.

ಮನೆಗೆ ಬಂದವನು ಗೋಡೆಗಳನ್ನು ಮುಟ್ಟಿ ಮುಟ್ಟಿ ನೋಡಿದ. ಹೆಂಡತಿಗೆ ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಒಂದು ಸೈಕಲ್ಲು ಬರುತ್ತಿತ್ತು. ಹೇಳುವುದಾದರೂ ಹೇಗೆ? ಮನೆ ಉಳಿಯಬೇಕಾದರೆ ಓಣಿ ಸುಳ್ಳು ಎನ್ನಬೇಕು. ಓಣಿ ಸುಳ್ಳು ಎಂದರೆ ಅವಳ ಅಪ್ಪನ ಹೆಸರನ್ನು ಸುಳ್ಳಿಗೆ ಇಟ್ಟಂತಾಯಿತು. ಮನೆ ಹೋದರೆ ಬಾಡಿಗೆ ಮನೆ ಸಿಗಬಹುದು. ಇದು ಗೊತ್ತಾದರೆ ಅವಳು ಆ ಬಾಡಿಗೆ ಮನೆಗೂ ಸೇರಿಸುವವಳಲ್ಲ. ಚಹಾದಲ್ಲಿ ಸಕ್ಕರೆ ಇನ್ನೂ ಬೀಳುತ್ತಿತ್ತು. ಅದೇ ಅವನನ್ನು ಹೆಚ್ಚು ಹಿಂಸಿಸಿತು.

ಸಾಹೇಬರು ಬಂದ ದಿನವೇ ಭಾವಮೈದನೂ ಬಂದ. ಇಂಥವು ಬೇರೆ ಬೇರೆ ದಿನ ನಡೆಯುವುದಿಲ್ಲ. ರಸ್ತೆಯ ಒಂದು ಕಡೆಯಿಂದ ಟೇಪು, ಕಡತ, ಇಬ್ಬರು ಆಳು, ಹಿಂದೊಂದು ಹಳದಿ ಯಂತ್ರ. ಇನ್ನೊಂದು ಕಡೆಯಿಂದ ಹಾಸಿಗೆಯ ಲಾರಿ; ಅದರಲ್ಲಿ ಗೀರು ಬೀಳಬಾರದೆಂದು ಹಾಸಿಗೆಯಲ್ಲೇ ಸುತ್ತಿ ಮಲಗಿಸಿದ್ದ ಕಪ್ಪುಕಲ್ಲು, ಕಲ್ಲಿನ ಮೇಲೆ ಹೊಂಬಣ್ಣದಲ್ಲಿ ತಕ್ಕಡಿ ತಾತ ಓಣಿ. ಹೆಡ್‌ಮಿಸ್ಸು ಎರಡು ವಾಹನಗಳನ್ನೂ ನಿಲ್ಲಿಸಿ, ಸೈಕಲ್ಲುಗಳಿಗೆ ಮೊದಲು ದಾರಿ ಬಿಡಿಸಿ, ಆಮೇಲೆ ಬನ್ನಿ ಎಂದರು.

ಮನೆಯ ಯಜಮಾನ ಯಾರು ಎಂದು ಸಾಹೇಬರು ಗುಡುಗಿದರು. ಗೆರೆಯಪ್ಪ ಹೊರಗೆ ಬಂದ. ಸಾಹೇಬರು ದಂಗಾಗಿ ನಿಂತರು.

“ನೀವಾ? ನಿಮ್ಮನೆ ಮೇಲೆ ನೀವೇ ದೂರು ಕೊಟ್ರಾ?” ಅವರ ದನಿ ಒದ್ದೆಯಾಯಿತು. ಆಳುಗಳ ಕಡೆ ತಿರುಗಿ, “ನೋಡ್ರಯ್ಯ, ಚೆನ್ನಾಗಿ ನೋಡಿಕೊಳ್ಳಿ. ಇಂಥ ಮನುಷ್ಯ ಇನ್ನೊಂದ್ಸಲ ಸಿಗಲ್ಲ,” ಎಂದರು.

ಹೆಂಡತಿ ಅಡುಗೆಮನೆಯಿಂದ ಬಂದು ಗಂಡನ ಮುಖವನ್ನೇ ನೋಡುತ್ತಾ ನಿಂತಳು. ಭಾವಮೈದ ಲಾರಿಯಿಂದ ಇಳಿದು ಬೆವರೊರೆಸಿಕೊಳ್ಳುತ್ತಾ, ಕಲ್ಲು ಎಲ್ಲಿ ನಿಲ್ಲಿಸಲಿ, ಓಣಿ ಯಾವ ಕಡೆ ಎಂದ. ಹಳದಿ ಯಂತ್ರ ಒಮ್ಮೆ ಕೆಮ್ಮಿ ಕೈ ಮೇಲೆತ್ತಿತು. ಅದರ ನೆರಳು ಗೆರೆಯಪ್ಪ ತಾನೇ ಅಳತೆ ಹಿಡಿದು ಇಡಿಸಿದ್ದ ಕಿಟಕಿಯ ಮೇಲೆ ಬಿತ್ತು.

“ಓಣಿ ಇಲ್ಲ,” ಎಂದ ಗೆರೆಯಪ್ಪ. “ಯಾವತ್ತೂ ಇರಲಿಲ್ಲ. ಅದು ಕಳ್ಳಗೆರೆ. ನಾನೇ ಸುಮ್ಮನೆ ಎಳೆದದ್ದು. ಹೆಸರೂ ಸುಮ್ಮನೆ ಬರೆದದ್ದು.”

ಹೆಡ್‌ಮಿಸ್ಸಿನ ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಸೈಕಲ್ಲಿನವರು ಕೂಡ, ಭಾಷೆ ತಿಳಿಯದಿದ್ದರೂ, ಪೆಡಲಿನಿಂದ ಕಾಲಿಳಿಸಿದರು. ಭಾವಮೈದ ಲಾರಿಗೆ ಒರಗಿದ.

“ನಮ್ಮಪ್ಪ ಬದುಕಿರೋವರೆಗೂ ಒಂದು ಸುಳ್ಳು ಹೇಳ್ಲಿಲ್ಲ. ಸತ್ತಮೇಲೆ ನೀವು ಹೇಳಿಸಿದ್ರಲ್ಲ ಭಾವ.”

ಹೆಂಡತಿ ಒಂದು ಮಾತೂ ಆಡಲಿಲ್ಲ. ಮಾವ ಮೊದಲೇ ಎಚ್ಚರಿಸಿದ್ದ ಸಿಟ್ಟಿನ ಪೂರ್ತಿ ತೂಕ ಎಷ್ಟೆಂದು ಗೆರೆಯಪ್ಪನಿಗೆ ಆ ಮೌನದಲ್ಲಿ ಗೊತ್ತಾಯಿತು.

ಇಷ್ಟು ದೊಡ್ಡ ಬೆಲೆ ತೆತ್ತು ಆಡಿದ ಸತ್ಯವನ್ನು ಸಾಹೇಬರು ನಂಬಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ನಂಬಲಿಲ್ಲ. ಯಂತ್ರ ಕಂಡಮೇಲೆ ಎಲ್ಲರೂ ಹೀಗೇ ಅನ್ನುತ್ತಾರೆ ಎಂದು ತಲೆಯಾಡಿಸಿದರು. ನಕ್ಷೆಗೆ ನಗರಸಭೆಯ ಮುದ್ರೆ ಬಿದ್ದಿದೆ. ಮುದ್ರೆ ಬಿದ್ದಮೇಲೆ ಅದು ಸುಳ್ಳಾಗುವುದು ಹೇಗೆ? ಓಣಿ ಇಲ್ಲವೆಂಬುದಕ್ಕೆ ಪುರಾವೆ ಏನು? ಇಲ್ಲಿ ಮನೆಯಿದೆಯಲ್ಲ ಎಂದ ಗೆರೆಯಪ್ಪ. ಅದೇ ಒತ್ತುವರಿಗೆ ಪುರಾವೆ ಎಂದರು ಸಾಹೇಬರು. ಸಾಲದ್ದಕ್ಕೆ ಹೆಡ್‌ಮಿಸ್ಸನ್ನು ಕೇಳಿದರು. ಅವರು ಸುಳ್ಳು ಹೇಳುವವರಲ್ಲ. ದಿನಾ ಜನ ಓಡಾಡುತ್ತಾರೆ, ಶಿಸ್ತಿನಿಂದ ಓಡಾಡುತ್ತಾರೆ, ಮನೆಯಾಕೆ ಕಾಲೆತ್ತಿ ದಾರಿ ಬಿಡುವುದನ್ನು ಕಣ್ಣಾರೆ ಕಂಡಿದ್ದೇನೆ ಎಂದರು. ದಾರಿಯ ಹಕ್ಕಿನ ಮಾತು ಬಂದದ್ದು ಆಗಲೇ.

ಒಂದೇ ಒಂದು ಕೆಲಸ ಬಾಕಿಯಿತ್ತು. ನೆಲ ಅಗೆಯುವ ಮೊದಲು ಕೆಳಗೆ ಕೊಳಾಯಿ ಇದೆಯೇ ಎಂದು ನೀರು ಸರಬರಾಜಿನ ನಕ್ಷೆ ನೋಡಬೇಕು, ನಿಯಮ. ಸಾಹೇಬರು ಕಡತದಿಂದ ಹಳದಿಯಾದ ಹಾಳೆಯೊಂದನ್ನು ತೆಗೆದು ಜಗಲಿಯ ಮೇಲೆ ಬಿಡಿಸಿದರು. ಗೆರೆಯಪ್ಪ ತನ್ನ ಕೈಬರಹ ಗುರುತಿಸಿದ. ಆ ನಕ್ಷೆಯಲ್ಲಿ ತಾನು ಮರೆತದ್ದೇನೋ ಇದೆ ಎಂದು ಅವನಿಗೆ ಅನುಮಾನ ಬಂತು.

ಸಾಹೇಬರ ಬೆರಳು ನಿಂತಿತು. ಅವರು ಬಗ್ಗಿ ನೋಡಿದರು. ತಲೆಯೆತ್ತಿ ಮನೆ ನೋಡಿದರು. ಮತ್ತೆ ಬಗ್ಗಿದರು.

“ಇಲ್ಲಿ ನೀರಿನ ಟ್ಯಾಂಕು ಅಂತಿದೆ. ಊರಿಗೆ ನೀರು ಬಿಡೋ ಟ್ಯಾಂಕು.”

ಎಲ್ಲರೂ ಆಕಾಶ ನೋಡಿದರು. ಸೈಕಲ್ಲಿನವರೂ ನೋಡಿದರು.

ಒಮ್ಮೆ ಸತ್ಯ ಹೇಳಿದ ಬಾಯಿಗೆ ಅದೇ ಚಟವಾಗುತ್ತದೆ. ಗೆರೆಯಪ್ಪ ಒಂದು ಹೆಜ್ಜೆ ಮುಂದೆ ಬಂದು, “ಸಾರ್, ಅದೂ ನಾನೇ,” ಎಂದ. ಅಷ್ಟೇ ಅಂದದ್ದು. ಹೆಂಡತಿಯ ಹಿಮ್ಮಡಿ ಅವನ ಕಾಲ್ಬೆರಳ ಮೇಲೆ ಇಳಿಯಿತು. ಉಳಿದ ಮಾತು ಕಣ್ಣೀರಾಗಿ ಬಂತು.

“ಅದನ್ನೂ ಇವರೇ ನೋಡ್ಕೊಳ್ತಿರೋದು, ಅಂತ ಹೇಳ್ತಿದ್ದಾರೆ,” ಎಂದಳು ಅವಳು. “ಇದೇ ಟ್ಯಾಂಕು. ನಾವು ಅದರ ಕೆಳಗೆ ಕಾವಲಿಗಿದ್ದೀವಿ.” ತಾರಸಿಯ ಮೇಲಿದ್ದ ಮನೆಬಳಕೆಯ ಕಪ್ಪು ತೊಟ್ಟಿಯನ್ನು ಕೈಯೆತ್ತಿ ತೋರಿಸಿದಳು.

“ಚಿಕ್ಕದಾಯ್ತಲ್ಲಮ್ಮ,” ಎಂದರು ಸಾಹೇಬರು.

“ಕೆಳಗಿಂದ ನೋಡೋರಿಗೆ ಹಾಗೇ ಕಾಣತ್ತೆ.”

ಸುಳ್ಳೇ ಹೇಳದ ತಕ್ಕಡಿ ತಾತನ ಮಗಳು ಇದನ್ನು ರೆಪ್ಪೆ ಬಡಿಯದೆ ಹೇಳಿದಳು. ಅಪ್ಪ ಜೀವಮಾನವೆಲ್ಲ ಖರ್ಚು ಮಾಡದೆ ಉಳಿಸಿದ್ದು ಒಟ್ಟಿಗೆ ಮಗಳ ಪಾಲಿಗೆ ಬಂದಿರಬೇಕು.

ಸಾಹೇಬರು ಧರ್ಮಸಂಕಟಕ್ಕೆ ಬಿದ್ದರು. ಎರಡು ನಕ್ಷೆ, ಎರಡಕ್ಕೂ ಮುದ್ರೆ. ಒಂದರಲ್ಲಿ ಓಣಿ, ಒಂದರಲ್ಲಿ ಟ್ಯಾಂಕು. ನಕ್ಷೆಗಳಲ್ಲೂ ಸೀನಿಯಾರಿಟಿ ನೋಡಬೇಕಾಗುತ್ತದೆ ಎಂದು ಅವರು ಬಹಳ ಯೋಚಿಸಿ ಹೇಳಿದರು. ನೀರಿನ ನಕ್ಷೆ ಹಳೆಯದು, ಓಣಿಯ ನಕ್ಷೆ ನಿನ್ನೆ ಮೊನ್ನೆಯದು. ಟ್ಯಾಂಕಿನೊಳಗೆ ಓಣಿ ಹೋಗುವುದಿಲ್ಲ. ಟ್ಯಾಂಕು ಒಡೆಯುವ ಅಧಿಕಾರ ತಮ್ಮ ವಿಭಾಗಕ್ಕಿಲ್ಲ. ಅದು ಕಣ್ಣಿಗೆ ಕಾಣುತ್ತದೋ ಇಲ್ಲವೋ ಎಂಬುದು ನೀರಿನವರ ತಲೆನೋವು. ಹೀಗೆಂದು ಅವರು ಕಡತ ಮುಚ್ಚಿದರು. ಹಳದಿ ಯಂತ್ರ ಕೈ ಇಳಿಸಿ ಹಿಂದಕ್ಕೆ ಸರಿಯಿತು. ಹೆಡ್‌ಮಿಸ್ಸು ಒಲ್ಲದ ಮನಸ್ಸಿನಿಂದ ಕುರ್ಚಿ ಮಡಚಿದರು.

ಭಾವಮೈದ ಲಾರಿಗೆ ಒರಗಿ ನಿಂತವನು ಅಲ್ಲೇ ನಿಂತಿದ್ದ. ಅಕ್ಕ ಅವನ ಹತ್ತಿರ ಹೋದಳು. “ಓಣಿ ಏನೋ ತಮ್ಮ, ಕಂಡೋರೆಲ್ಲ ತುಳಿದುಕೊಂಡು ಹೋಗೋದು. ಅಪ್ಪನಿಗೆ ಅದು ಬೇಕಾ? ಟ್ಯಾಂಕು ನೋಡು, ಊರೆಲ್ಲ ತಲೆ ಎತ್ತಿ ನೋಡೋದು.” ಅವನು ತಲೆ ಎತ್ತಿ ನೋಡಿದ. ನೋಡುತ್ತಾ ನೋಡುತ್ತಾ ಅವನ ಮುಖ ಗೆಲುವಾಯಿತು. ಕಲ್ಲು ಕೆತ್ತುವವನು ಬಂದು ‘ಓಣಿ’ ಎಂಬುದನ್ನು ಕೆತ್ತಿ ತೆಗೆದು ‘ನೀರಿನ ಟ್ಯಾಂಕು’ ಎಂದು ಮಾಡಿಕೊಟ್ಟ. ಕಲ್ಲು ಜಗಲಿಯ ಪಕ್ಕ ನಿಂತಿತು. ನಕ್ಷೆಯನ್ನು ಮತ್ತೆ ಅಚ್ಚು ಹಾಕಿಸುವ ಖರ್ಚೂ ನನ್ನದೇ ಎಂದ ಭಾವಮೈದ. ಅದರಲ್ಲಿ ಟ್ಯಾಂಕಿಗೆ ನೀಲಿ ಬಣ್ಣ, ಕಣ್ಣಿಗೆ ಹೊಡೆಯುವಷ್ಟು ದೊಡ್ಡದಾಗಿ. ಹೊಸ ನಕ್ಷೆಗೂ ಒಂದು ಸುಳ್ಳಿನ ಬೀಗ ಬೇಕಲ್ಲ ಎಂಬ ಯೋಚನೆ ಗೆರೆಯಪ್ಪನಿಗಿರಲಿಲ್ಲ. ಅದು ಆಗಲೇ ಬಿದ್ದಿತ್ತು.

ಅವನ ಚಹಾದಲ್ಲಿ ಮಾತ್ರ ಸಕ್ಕರೆ ನಿಂತುಹೋಯಿತು. ಮನೆಯನ್ನು ಅವಳು ಉಳಿಸಿದ್ದಳು. ಗಂಡನನ್ನು ಕ್ಷಮಿಸಿದ್ದೇನೆಂದು ಎಲ್ಲೂ ಹೇಳಿರಲಿಲ್ಲ. ಸೈಕಲ್ಲುಗಳು ಈಗ ಒಳಗೆ ಬರುವುದಿಲ್ಲ. ಬಾಗಿಲಲ್ಲಿ ನಿಲ್ಲುತ್ತವೆ, ಟ್ರಿಣ್ ಎನ್ನುತ್ತವೆ, ಖಾಲಿ ಬಾಟಲಿ ಚಾಚುತ್ತವೆ. ಅವಳು ಬೈಯುತ್ತಾ ತುಂಬಿಸಿಕೊಡುತ್ತಾಳೆ. ಅದೂ ಚೆನ್ನಾಗಿದೆಯಂತೆ.

ಹೀಗೆ ಎಲ್ಲ ತಣ್ಣಗಾಯಿತು ಎನ್ನುವಾಗ ಒಂದು ಬೆಳಿಗ್ಗೆ ಗೆರೆಯಪ್ಪ ಬ್ರೆಡ್ಡಿನ ಮೇಲೆ ನಡುಗೆರೆ ಎಳೆದು ಒಂದು ಕಣ್ಣು ಮುಚ್ಚಿದ್ದ. ಬಾಗಿಲು ಬಡಿದ ಸದ್ದಾಯಿತು. ಹೆಂಡತಿ ಹೋಗಿ ಕದ ತೆರೆದಳು. ಹೊರಗೆ ನೀರು ಸರಬರಾಜು ಕಚೇರಿಯ ಜನ ಸಾಲಾಗಿ ನಿಂತಿದ್ದರು. ಮಂಡಿಯವರೆಗೆ ರಬ್ಬರಿನ ಬೂಟು, ಹೆಗಲ ಮೇಲೆ ಹಗ್ಗ, ಕೈಯಲ್ಲಿ ಉದ್ದ ಹಿಡಿಯ ಬ್ರಷ್ಷು, ಬಕೆಟ್ಟಿನ ತುಂಬ ಬ್ಲೀಚಿಂಗ್ ಪುಡಿ. ಮುಂದಿದ್ದವನು ಜಗಲಿಯ ಕಲ್ಲನ್ನು ಓದಿ, ಕೈಯಲ್ಲಿದ್ದ ಹೊಸ ನಕ್ಷೆಯ ನೀಲಿಯನ್ನು ನೋಡಿ, ಸರಿಯಾದ ಜಾಗಕ್ಕೇ ಬಂದೆವೆಂದು ತಲೆಯಾಡಿಸಿದ.

ಅವಳು ಅವರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಒಳಗೆ ತಿರುಗಿದಳು. ಎಷ್ಟೋ ದಿನಗಳ ಮೇಲೆ ಅವಳ ದನಿಯಲ್ಲಿ ಸಿಹಿಯಿತ್ತು.

“ರೀ, ಬ್ರೆಡ್ಡು ಬಿಟ್ಟು ಏಳಿ. ನಿಮ್ಮನ್ನ ತೊಳೆಯೋಕೆ ಬಂದಿದ್ದಾರೆ.”